ಕೋಡಿಯಿಲ್ಲದ ಕೆರೆ



ಪಾವಗಡ ತಾಲ್ಲೂಕಿನ ಬಲಸಮುದ್ರ ನನ್ನ ಹುಟ್ಟೂರು. ಹೆಸರಿನಲ್ಲಿ ಸಮುದ್ರವಿದೆಯಾದರೂ ನಮ್ಮ ಸೀಮೆ ನೀರಿಗೆ ಹಂಬಲಿಸುವ ಸೀಮೆ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಕಷ್ಟಪಟ್ಟು ನೀರು ಕೂಡಿಸಿಟ್ಟ ಜನ ಅದಕ್ಕೆ ದೊಡ್ಡ ಹೆಸರಿಟ್ಟು ಸಂತೋಷಪಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಊರಿನಿಂದ ಹೊರಟ ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷಗಳಿಗೆ ಸಮೀಪವಾಗಿ ಗಣಕಯಂತ್ರಗಳಿಗೆ ಕ್ರಮವಿಧಿ ಬರೆಯುವ ಕಸುಬಿನಿಂದ ಬದುಕಿದ್ದೇನೆ. ಈ ಕಸುಬೆಂದರೇನು, ಅದನ್ನು ನೆಚ್ಚಿ ಹೊರಡುವ ತರುಣರು ತಿಳಿದಿರಬೇಕಾದದ್ದೇನು, ನಾವು ಬರೆದದ್ದರಿಂದ ಊರಿನವರ ಬಾಳಿಗೆ ಆಗುವುದೇನು ಎಂಬ ಮೂರು ಪ್ರಶ್ನೆಗಳನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕ್ರಮವಿಧಿ ಎಂದರೆ ಯಂತ್ರಕ್ಕೆ ಕೊಡುವ ಅಪ್ಪಣೆಗಳ ಒಂದು ಪಟ್ಟಿ, ಅಷ್ಟೆ. ಮನೆಯ ಆಳಿಗೆ ‘ಕರು ಕಟ್ಟಿ ಬಾ’ ಎಂದರೆ, ಕರು ಸಿಕ್ಕದಿದ್ದಾಗ ಆತ ಹುಡುಕುತ್ತಾನೆ, ಹಗ್ಗ ಹರಿದಿದ್ದರೆ ಬೇರೆ ಹಗ್ಗ ತರುತ್ತಾನೆ. ಯಂತ್ರ ಹಾಗಲ್ಲ. ಕರು ಸಿಕ್ಕದಿದ್ದರೆ ಏನು ಮಾಡಬೇಕು, ಹಗ್ಗ ಹರಿದಿದ್ದರೆ ಏನು ಮಾಡಬೇಕು ಎಂಬುದನ್ನೆಲ್ಲ ಮುಂಚಿತವಾಗಿಯೇ ಊಹಿಸಿ ಬರೆದಿಡಬೇಕು. ಆದುದರಿಂದ ನಮ್ಮ ಕೆಲಸದಲ್ಲಿ ಬರೆಯುವುದಕ್ಕಿಂತ ಊಹಿಸುವುದೇ ಹೆಚ್ಚು. ಊಹಿಸುವುದಕ್ಕಿಂತ, ವಿಷಯ ಬಲ್ಲವರನ್ನು ಕೇಳಿ ತಿಳಿಯುವುದು ಇನ್ನೂ ಹೆಚ್ಚು.

ಇದಕ್ಕೆ ನಮ್ಮ ಭಾಷೆಯಿಂದಲೇ ಒಂದು ನಿದರ್ಶನ ಕೊಡಬಹುದು. ಹಳೆಯ ಕನ್ನಡ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳ ತುಂಡುಗಳಿಗೆ, ಕೊಂಬು ಗುಡಿಸುಗಳಿಗೆ, ಒತ್ತಕ್ಷರಗಳಿಗೆ ಬೇರೆ ಬೇರೆ ಕೀಲಿಗಳಿದ್ದವು. ಅಕ್ಷರದ ಆಕಾರವನ್ನೇ ನೋಡುತ್ತ ಕುಳಿತರೆ ಕೀಲಿಗಳು ಎಷ್ಟಿದ್ದರೂ ಸಾಲವು. ಕೆ. ಪಿ. ರಾವ್ ಅವರು ಆಕಾರವನ್ನು ಬಿಟ್ಟು ಉಚ್ಚಾರಣೆಯ ಕಡೆ ನೋಡಿದರು. ಕನ್ನಡದ ಕಾಗುಣಿತವೆಂಬುದು ವ್ಯಂಜನಕ್ಕೆ ಸ್ವರ ಸೇರುವ ಒಂದು ಲೆಕ್ಕ. ‘ಕ’ ಒತ್ತಿ ಅದರ ಮುಂದೆ ‘ಇ’ ಒತ್ತಿದರೆ ‘ಕಿ’ಯನ್ನು ಮೂಡಿಸುವ ಹೊಣೆ ಯಂತ್ರದ್ದು. ಹೀಗೆ ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಇಡೀ ಕನ್ನಡ ಅಡಗಿತು. ‘ನುಡಿ’, ‘ಬರಹ’ ತಂತ್ರಾಂಶಗಳಲ್ಲಿ ಇಂದು ಲಕ್ಷಾಂತರ ಜನ ಬಳಸುವುದು ಈ ವಿನ್ಯಾಸವನ್ನೇ. ಇಲ್ಲಿ ಗೆದ್ದದ್ದು ಯಂತ್ರದ ಜ್ಞಾನ ಮಾತ್ರವಲ್ಲ. ನಮ್ಮ ಶಾಲೆಯ ಮೇಷ್ಟ್ರು ಸ್ಲೇಟಿನ ಮೇಲೆ ತಿದ್ದಿಸಿದ ಕಾಗುಣಿತದ ಜ್ಞಾನವೂ ಗೆದ್ದಿತು.

ಎರಡನೆಯ ಮಾತು, ತಂತ್ರಾಂಶವನ್ನು ಒಮ್ಮೆ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಆದರೆ ಕೆರೆಯನ್ನು ಉಳಿಸುವವರು ಹೂಳೆತ್ತುವವರು, ಏರಿಯ ಬಿರುಕು ಮುಚ್ಚುವವರು, ತೂಬು ಕಾಯುವ ನೀರುಗಂಟಿ. ನಮ್ಮ ಕಸುಬಿನಲ್ಲೂ ಬಹುಪಾಲು ಆಯುಷ್ಯ ಸವೆಯುವುದು ಬೇರೆಯವರು ಎಂದೋ ಬರೆದದ್ದನ್ನು ಓದಿ, ತಿದ್ದಿ, ಕೆಡದಂತೆ ಕಾಪಾಡುವುದರಲ್ಲಿ. ನಾನು ಕೆಲಸಕ್ಕೆ ಸೇರಿದ್ದು 1990ರ ದಶಕದ ಕೊನೆಯಲ್ಲಿ. ಅದಕ್ಕೂ ಎರಡು ಮೂರು ದಶಕಗಳ ಹಿಂದೆ, ಯಂತ್ರದ ಸ್ಮೃತಿಯಲ್ಲಿ ಜಾಗ ಬಹಳ ದುಬಾರಿಯಾಗಿದ್ದ ಕಾಲದಲ್ಲಿ, ಅಮೆರಿಕ ಯೂರೋಪುಗಳ ಕ್ರಮವಿಧಿಕಾರರು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದರು. 1975 ಎಂಬುದು ಬರಿಯ 75. 2000ನೇ ಇಸವಿ ಸಮೀಪಿಸಿದಾಗ ಸೊನ್ನೆ ಸೊನ್ನೆ ಎಂದರೆ ಯಾವ ವರ್ಷವೆಂದು ಯಂತ್ರ ಗೊಂದಲಕ್ಕೆ ಬೀಳುವುದೆಂಬ ಭಯ ಹುಟ್ಟಿತು. ಕೋಟ್ಯಂತರ ಸಾಲುಗಳನ್ನು ಹುಡುಕಿ ತಿದ್ದುವ ಕೆಲಸದ ದೊಡ್ಡ ಪಾಲು ಬೆಂಗಳೂರಿಗೆ ಬಂದು, ನನ್ನಂಥ ಸಾವಿರಾರು ಹಳ್ಳಿಯ ಹುಡುಗರಿಗೆ ಅನ್ನವಾಯಿತು. ನಮ್ಮ ಭಾಗ್ಯದ ಬಾಗಿಲು ತೆರೆದದ್ದು ಯಾರೋ ಎರಡು ಅಂಕಿ ಉಳಿಸಿದ್ದರಿಂದ ಎಂಬುದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಇನ್ನು ನಮ್ಮ ಬರವಣಿಗೆಯಿಂದ ಸಮಾಜಕ್ಕೆ ಆಗುವುದೇನು? ಕರ್ನಾಟಕದ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಕಾಲಕ್ಕೆ ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ ಪಹಣಿ ಪುಸ್ತಕಗಳು 2001ರ ವೇಳೆಗೆ ‘ಭೂಮಿ’ ಎಂಬ ತಂತ್ರಾಂಶಕ್ಕೆ ಏರಿದವು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳು ಅವು. ಅದಕ್ಕೆ ಮುಂಚೆ ಒಂದು ಪಹಣಿಯ ನಕಲಿಗಾಗಿ ರೈತ ಎಷ್ಟು ದಿನ ಅಲೆಯುತ್ತಿದ್ದ, ಯಾರ ಕೈ ಬೆಚ್ಚಗೆ ಮಾಡುತ್ತಿದ್ದ ಎಂಬುದು ಹಿರಿಯರಿಗೆ ಗೊತ್ತು. ‘ಭೂಮಿ’ ಬಂದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಮುದ್ರಿತ ಪಹಣಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕಟ್ಟಲಾಯಿತು. ಹಿಂದೆ ಬಂದ ಅರ್ಜಿಯನ್ನು ಮುಂದೆ ಹಾರಿಸುವುದಕ್ಕೆ ಯಂತ್ರ ಒಪ್ಪದು. ದಾಖಲೆ ತಿದ್ದುವ ನೌಕರ ಬೆರಳಿನ ಗುರುತು ಕೊಟ್ಟೇ ಒಳಗೆ ಹೋಗಬೇಕು. ಮನುಷ್ಯನ ಇಚ್ಛೆಗೆ ಬಿಟ್ಟದ್ದು ಲಂಚಕ್ಕೆ ದಾರಿಯಾಗಿದ್ದಾಗ, ಆ ಇಚ್ಛೆಗೆ ಲಗಾಮು ಹಾಕುವುದು ಬಡವನಿಗೆ ಉಪಕಾರವೇ ಸರಿ.

ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆ ಅಲುಗಾಡಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ಒಂದು ಹಣಕಾಸು ಸಂಸ್ಥೆಗೆ ನಾವು ತಂತ್ರಾಂಶ ಮಾಡಿಕೊಟ್ಟಿದ್ದೆವು. ಖಾತೆದಾರರ ಹೆಸರನ್ನು ಇನ್ನೊಂದು ದಾಖಲೆಯ ಹೆಸರಿನೊಡನೆ ಹೋಲಿಸಿ, ಒಂದಕ್ಷರ ವ್ಯತ್ಯಾಸವಾದರೂ ಹಣ ಕೊಡದೆ ತಡೆಯುವ ನಿಯಮವನ್ನು ಬರೆದವನು ನಾನೇ. ಹಿಂದಿನ ಪದ್ಧತಿಯಲ್ಲಿ ಗುಮಾಸ್ತ ಇಬ್ಬರು ಸಾಕ್ಷಿಗಳನ್ನು ಕೇಳಿ ರುಜು ಹಾಕಿ ಹಣ ಕೊಡಬಹುದಾಗಿತ್ತು. ಮೋಸಕ್ಕೆ ಆಸ್ಪದವೆಂದು ಆ ದಾರಿಯನ್ನು ಮುಚ್ಚಿದವನೂ ನಾನೇ. ಮುಚ್ಚಿದ್ದಕ್ಕಾಗಿ ನನಗೆ ಮೆಚ್ಚುಗೆಯೂ ಬಂದಿತ್ತು.

ಆ ವರ್ಷ ಹಬ್ಬಕ್ಕೆಂದು ಊರಿಗೆ ಹೋಗಿದ್ದಾಗ ಎದುರು ಮನೆಯ ಅಜ್ಜಿ ಬಂದು ಜಗಲಿಯ ಮೇಲೆ ಕುಳಿತರು. “ಏನಪ್ಪಾ, ನೀನು ಕಂಪ್ಯೂಟರ್ ಕೆಲಸದಾಗೆ ಇದೀಯಂತಲ್ಲ. ನಾನು ನಾನೇ ಅಲ್ಲ ಅಂತೈತಂತೆ ಅದು. ನೀನೊಂದು ಮಾತು ಹೇಳಪ್ಪ ಅದಕ್ಕೆ” ಎಂದರು. ಕುರಿ ಮಾರಿ ಇಟ್ಟಿದ್ದ ಹಣ ಕೈಗೆ ಬಂದಿರಲಿಲ್ಲ. ಕಾಗದಗಳನ್ನು ತರಿಸಿ ನೋಡಿದೆ. ನಮ್ಮದು ಗಡಿಯ ತಾಲ್ಲೂಕು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ. ಒಂದು ದಾಖಲೆಯಲ್ಲಿ ಅಜ್ಜಿಯ ಹೆಸರಿನ ಹಿಂದೆ ‘ಚಿನ್ನ’ ಎಂದಿತ್ತು, ಇನ್ನೊಂದರಲ್ಲಿ ‘ಸಣ್ಣ’ ಎಂದಿತ್ತು. ತೆಲುಗಿನ ಚಿನ್ನವೇ ಕನ್ನಡದ ಸಣ್ಣ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಆ ಊರಿನಲ್ಲೇ ಹುಟ್ಟಿದ ನಾನು, ಬೆಂಗಳೂರಿನ ಮೇಜಿನ ಮುಂದೆ ಕುಳಿತಾಗ ಅದನ್ನು ಮರೆತಿದ್ದೆ. ಕಾಗದದ ಮೂಲೆಯಲ್ಲಿದ್ದ ಸಂಸ್ಥೆಯ ಮುದ್ರೆಯನ್ನು ಕಂಡು, ಅಜ್ಜಿಗೆ ‘ನೀನು ನೀನಲ್ಲ’ ಎಂದವನು ನಾನೇ ಎಂದು ಅರಿವಾದಾಗ ನನಗೆ ತಲೆಯೆತ್ತಿ ಮಾತನಾಡುವುದು ಕಷ್ಟವಾಯಿತು.

ಆ ನಿಯಮವನ್ನು ತಿದ್ದಲು ನನಗೆ ಹಿಡಿದದ್ದು ಒಂದು ವಾರ. ಆದರೆ ತಿದ್ದಿದ್ದು ಒಪ್ಪಿಗೆಗಳ ಮೆಟ್ಟಿಲು ಹತ್ತಿ ಶಾಖೆಗಳನ್ನು ತಲುಪಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಜ್ಜಿ ಬಸ್ಸಿನ ಖರ್ಚು ಮಾಡಿಕೊಂಡು ಹಲವು ಸಲ ಓಡಾಡಿ ತಮ್ಮ ಹೆಸರನ್ನೇ ತಿದ್ದಿಸಿಕೊಂಡಿದ್ದರು. ತಪ್ಪು ನನ್ನದು, ದಂಡ ತೆತ್ತವರು ಅವರು.

ಅಂದಿನಿಂದ ನಾನು ಕೆರೆಯ ಕೋಡಿಯನ್ನು ಕುರಿತು ಬಹಳ ಯೋಚಿಸಿದ್ದೇನೆ. ಕೆರೆ ಕಟ್ಟುವವನು ಎಷ್ಟೇ ಬಲ್ಲವನಾಗಿರಲಿ, ಮುಂದೆ ಎಂಥ ಮಳೆ ಬಂದೀತೆಂದು ಅವನಿಗೆ ತಿಳಿಯದು. ಆದುದರಿಂದಲೇ ಆತ ಏರಿಯ ಒಂದು ಕಡೆ ಕೋಡಿ ಬಿಡುತ್ತಾನೆ. ಕೋಡಿಯಿಲ್ಲದ ಕೆರೆಗೆ ದೊಡ್ಡ ಮಳೆ ಬಂದರೆ ಒಡೆಯುವುದು ಏರಿ, ಕೊಚ್ಚಿ ಹೋಗುವುದು ಏರಿಯ ಕೆಳಗಿನ ಗದ್ದೆ. ನಾನು ಬರೆದದ್ದು ಕೋಡಿಯಿಲ್ಲದ ಕೆರೆ. ಹಾಗೆಂದು ಹಳೆಯ ಲೆಕ್ಕಿಗನ ಇಚ್ಛೆಯೇ ಚೆನ್ನಾಗಿತ್ತೆಂದು ನಾನು ಹೇಳಲಾರೆ. ಕಳ್ಳತನದಿಂದ ಏರಿ ಕೊರೆದು ನೀರು ಹರಿಸಿಕೊಳ್ಳುವುದು ಬೇರೆ, ಕೋಡಿ ಬೇರೆ. ಕೋಡಿ ಊರಿಗೆಲ್ಲ ಕಾಣುವಂತಿರುತ್ತದೆ. ಅದರ ಕಲ್ಲಿನ ಎತ್ತರ ಎಲ್ಲರಿಗೂ ಗೊತ್ತಿರುತ್ತದೆ. ತಂತ್ರಾಂಶದಲ್ಲಿಯೂ ನಿಯಮಕ್ಕೆ ಸಿಕ್ಕದವನಿಗೆ ಒಂದು ದಾರಿ ಇರಬೇಕು: ಒಬ್ಬ ಅಧಿಕಾರಿ ಎದುರಿನ ಮನುಷ್ಯನನ್ನು ನೋಡಿ ತೀರ್ಮಾನಿಸಬೇಕು, ತನ್ನ ಹೆಸರು ಮತ್ತು ಕಾರಣವನ್ನು ಬರೆಯಬೇಕು, ಬರೆದದ್ದನ್ನು ಮೇಲಿನವರು ಪರೀಕ್ಷಿಸುವಂತಿರಬೇಕು. ಲಂಚಕ್ಕೆ ಬೆಳಕೆಂದರೆ ಭಯ; ಕರುಣೆಗೆ ಆ ಭಯವಿಲ್ಲ.

ನನ್ನ ಊರು ಈಗ ಮತ್ತೊಂದು ಪಾಠವನ್ನೂ ಕಲಿಸಿದೆ. ಬಲಸಮುದ್ರ, ತಿರುಮಣಿ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ನೆಲದಲ್ಲಿ ಪಾವಗಡದ ಸೌರ ಉದ್ಯಾನ ಹರಡಿಕೊಂಡಿದೆ. ಮೊದಲ ಹಂತದ ಉದ್ಘಾಟನೆ ನಡೆದದ್ದು 2018ರ ಮಾರ್ಚಿಯಲ್ಲಿ. 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯ ಪೂರ್ಣವಾಯಿತು. ರೈತರ ಜಮೀನನ್ನು ಕೊಳ್ಳದೆ 28 ವರ್ಷಗಳ ಗುತ್ತಿಗೆಗೆ ಪಡೆದದ್ದು ಈ ಯೋಜನೆಯ ವೈಶಿಷ್ಟ್ಯ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5ರಂತೆ ಏರುವ ಗುತ್ತಿಗೆ. ಮಳೆ ಕೈಕೊಟ್ಟು ಕಡಲೆಕಾಯಿ ಒಣಗುವುದನ್ನು ನೋಡುತ್ತಿದ್ದ ರೈತನಿಗೆ ಇದು ಸಣ್ಣ ನೆಮ್ಮದಿಯಲ್ಲ.

ಅಲ್ಲಿಯೂ ನಮ್ಮ ಕಸುಬೇ ಒಳಗೆ ಕುಳಿತಿದೆ. ಯಾವ ಫಲಕದ ಸಾಲು ಎಷ್ಟು ವಿದ್ಯುತ್ತು ಕೊಟ್ಟಿತು, ಯಾವ ಇನ್ವರ್ಟರು ಬಿಸಿಯಾಯಿತು ಎಂದು ಗಣಕ ಅಳೆಯುತ್ತಿರುತ್ತದೆ. ನಮ್ಮ ದೇಶದ ವಿದ್ಯುತ್ ಜಾಲದಲ್ಲಿ ದಿನವನ್ನು ಹದಿನೈದು ನಿಮಿಷಗಳ 96 ಪಾಲುಗಳಾಗಿ ಒಡೆದಿದ್ದಾರೆ. ಒಂದೊಂದು ಪಾಲಿನಲ್ಲೂ ಎಷ್ಟು ವಿದ್ಯುತ್ತು ಬರುವುದೆಂದು ಮುಂಚಿತವಾಗಿ ತಿಳಿಸಬೇಕು, ಅಂದಾಜು ಮಿತಿ ಮೀರಿ ತಪ್ಪಿದರೆ ದಂಡ ತೆರಬೇಕು. ಅದಕ್ಕಾಗಿ ಮೋಡದ ನಡೆಯನ್ನು ಲೆಕ್ಕ ಹಾಕುವ ತಂತ್ರಾಂಶಗಳಿವೆ. ನಮ್ಮ ತಂದೆಯವರು ಮೋಡ ಬರಲೆಂದು ಆಕಾಶ ನೋಡುತ್ತಿದ್ದರು. ಅದೇ ಹೊಲದಲ್ಲಿ ಈಗ ಮೋಡ ಬಾರದಿರಲೆಂದು ಯಂತ್ರ ಆಕಾಶ ನೋಡುತ್ತಿದೆ.

ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವನ ಖಾತೆಗೆ ಸೇರುತ್ತದೆ. ಅದು ನ್ಯಾಯವೇ. ಆದರೆ ಆ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರ ಹೆಸರು ಪಹಣಿಯಲ್ಲಿರಲಿಲ್ಲ. ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವನ ಹೆಸರೂ ಇರಲಿಲ್ಲ. ಕೆಲವರಿಗೆ ಕಾವಲಿನ ಕೆಲಸ, ಫಲಕ ತೊಳೆಯುವ ಕೆಲಸ, ಹುಲ್ಲು ಕೀಳುವ ಕೆಲಸ ಸಿಕ್ಕಿತು, ಎಲ್ಲರಿಗೂ ಸಿಕ್ಕಲಿಲ್ಲ. ಇದನ್ನು ನಾನು ಯಾರ ಮೇಲಿನ ದೂರಾಗಿಯೂ ಹೇಳುತ್ತಿಲ್ಲ. ಕ್ರಮವಿಧಿಕಾರನಾಗಿ ನನಗೆ ಕಂಡ ಸತ್ಯ ಇಷ್ಟೆ: ಪಟ್ಟಿಯಲ್ಲಿ ಯಾರಿಗೆ ಅಂಕಣವಿಲ್ಲವೋ ಅವರು ಯಂತ್ರದ ಪಾಲಿಗೆ ಇಲ್ಲವೇ ಇಲ್ಲ. ಅಂಕಣ ಹಾಕುವವನ ಕೈಯಲ್ಲಿ ಅಷ್ಟು ದೊಡ್ಡ ಅಧಿಕಾರವಿದೆ. ಅವನಿಗೆ ಅದು ಅಧಿಕಾರವೆಂದೇ ತೋರುವುದಿಲ್ಲ. ತಾನು ಬರಿಯ ಪಟ್ಟಿ ಮಾಡುತ್ತಿದ್ದೇನೆಂದು ಅವನ ಎಣಿಕೆ.

ಊರಿಗೆ ಹೋದಾಗಲೆಲ್ಲ ನನ್ನ ಅಕ್ಕನ ಮಗ “ಮಾವ, ಯಾವ ಕೋರ್ಸು ಸೇರಲಿ? ಕೋಡಿಂಗೆಲ್ಲ ಈಗ ಕಂಪ್ಯೂಟರೇ ಬರೀತದಂತೆ, ನಮಗೇನು ಉಳೀತದೆ?” ಎಂದು ಕೇಳುತ್ತಾನೆ. ಅವನ ಭಯ ಸುಳ್ಳಲ್ಲ. 2022ರ ಕೊನೆಯಿಂದೀಚೆಗೆ ಬಂದ ಕೃತಕ ಬುದ್ಧಿಮತ್ತೆಯ ಸಾಧನಗಳು, ನಾನು ಒಂದು ದಿನ ಕುಳಿತು ಬರೆಯುತ್ತಿದ್ದುದನ್ನು ನಿಮಿಷಗಳಲ್ಲಿ ಬರೆದು ಮುಂದಿಡುತ್ತವೆ. ಹೊಸಬರಿಗೆ ಮೊದಲ ಕೆಲಸ ಸಿಕ್ಕುವುದು ಹಿಂದಿಗಿಂತ ಕಷ್ಟವಾಗುತ್ತಿರುವುದನ್ನು ನಾನೂ ಕಣ್ಣಾರೆ ಕಾಣುತ್ತಿದ್ದೇನೆ. ಈ ಕಸುಬು ಎಂದೆಂದಿಗೂ ಅನ್ನ ಕೊಡುತ್ತದೆಂದು ಆ ಹುಡುಗನಿಗೆ ಭಾಷೆ ಕೊಡುವ ಧೈರ್ಯ ನನಗಿಲ್ಲ.

ಆದರೂ ಅವನಿಗೆ ಮೂರು ಮಾತು ಹೇಳಿದ್ದೇನೆ. ಮೊದಲನೆಯದು, ಬರೆಯುವುದಕ್ಕಿಂತ ಓದುವುದನ್ನು ಕಲಿ. ಯಂತ್ರ ಬರೆದದ್ದಾಗಲಿ ಮನುಷ್ಯ ಬರೆದದ್ದಾಗಲಿ, ಅದರಲ್ಲಿ ತಪ್ಪೆಲ್ಲಿದೆಯೆಂದು ಹೇಳಬಲ್ಲವನು ಬೇಕೇ ಬೇಕು. ಎರಡನೆಯದು, ಗಣಕದ ಜೊತೆಗೆ ಬೇರೊಂದು ವಿಷಯವನ್ನು ಚೆನ್ನಾಗಿ ತಿಳಿ: ಬೇಸಾಯವೋ, ವಿದ್ಯುತ್ತೋ, ಲೆಕ್ಕಪತ್ರವೋ, ಕನ್ನಡ ವ್ಯಾಕರಣವೋ, ಯಾವುದಾದರೂ ಸರಿ. ಮೂರನೆಯದು, ನೀನು ಮಾಡಿದ್ದನ್ನು ಬಳಸುವವರ ಎದುರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಕುಳಿತುಕೋ. ಯಂತ್ರಕ್ಕೆ ಆ ಜಗಲಿಯ ಮೇಲೆ ಬಂದು ಕೂರುವ ಅಜ್ಜಿ ಇಲ್ಲ; ನಿನಗೆ ಇದ್ದಾಳೆ.

ಅಜ್ಜಿ ಈಗಿಲ್ಲ. ಕೊನೆಯ ಸಲ ಕಂಡಾಗ ನಾನು ಕ್ಷಮೆ ಕೇಳಿದೆ, ಆ ನಿಯಮ ಬರೆದವನು ನಾನೇ ಎಂದೆ. ಅವರು ನಂಬಲಿಲ್ಲ. “ನೀನು ಯಾಕೆ ಹಂಗೆ ಬರೀತೀಯಪ್ಪ, ನಾನು ಯಾರು ಅಂತ ನಿನಗೆ ಗೊತ್ತಲ್ಲ” ಎಂದರು.

ಆ ಮಾತಿಗೆ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಹೊಸ ಕೆಲಸವೊಂದನ್ನು ಆರಂಭಿಸುವಾಗಲೆಲ್ಲ ಅದನ್ನು ನೆನೆದು, ಕೋಡಿಯನ್ನು ಎಲ್ಲಿ ಇಡಬೇಕೆಂದು ಮೊದಲು ಗುರುತು ಮಾಡಿಕೊಳ್ಳುತ್ತೇನೆ.