ವೆಬ್ ಅಪ್ಲಿಕೇಶನ್ನಿನ ಕೋರಿಕೆ–ಉತ್ತರಗಳ ಪರೀಕ್ಷೆ

ವೆಬ್ ಅಪ್ಲಿಕೇಶನ್ನುಗಳನ್ನು ರಚಿಸುವ ವಿದ್ಯೆಯನ್ನು ಈಗ ಬಹುಮಂದಿ ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ. ಆದರೆ ರಚಿಸಿದುದನ್ನು ಪರೀಕ್ಷಿಸುವ ವಿದ್ಯೆಗೆ ಅಷ್ಟೇ ಗಮನ ದೊರೆತಂತೆ ಕಾಣುವುದಿಲ್ಲ. ಪುಟವು ತೆರೆಯ ಮೇಲೆ ಸರಿಯಾಗಿ ಮೂಡಿತು, ಗುಂಡಿಯನ್ನು ಒತ್ತಿದಾಗ ‘ಅರ್ಜಿ ಸ್ವೀಕೃತವಾಗಿದೆ’ ಎಂಬ ಮಾತು ಕಾಣಿಸಿತು ಎಂದರೆ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ತೆರೆಯ ಮೇಲೆ ಕಾಣುವುದು ಒಂದು ಸಂವಾದದ ಕೊನೆಯ ಮಾತು ಮಾತ್ರ. ಆ ಸಂವಾದವು ಹೇಗೆ ನಡೆಯಿತು, ಅದರ ಫಲವಾಗಿ ಎಲ್ಲಿ ಏನು ದಾಖಲಾಯಿತು ಎಂಬುದು ಅಲ್ಲಿ ಕಾಣಿಸದು. ಬ್ರೌಸರಿಗೂ ಸರ್ವರಿಗೂ ನಡುವೆ ನಡೆಯುವ ಈ ಸಂವಾದವನ್ನು, ಎಂದರೆ ಎಚ್‌ಟಿಟಿಪಿ ಕೋರಿಕೆ ಮತ್ತು ಉತ್ತರಗಳನ್ನು, ಪರೀಕ್ಷಿಸುವ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಿವರಣೆಗೆ ಆಧಾರವಾಗಿ ಒಂದು ಉದಾಹರಣೆಯನ್ನು ಇಟ್ಟುಕೊಳ್ಳುತ್ತೇವೆ. ನಮ್ಮ ವಿಭಾಗದ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ, ವಿದ್ಯಾರ್ಥಿನಿಲಯದ ಪ್ರವೇಶದ ಅರ್ಜಿಯನ್ನೂ ಶುಲ್ಕವನ್ನೂ ಸ್ವೀಕರಿಸುವ ಚಿಕ್ಕ ಅಪ್ಲಿಕೇಶನ್ನೊಂದನ್ನು ರಚಿಸಿದ್ದರು. ಅದಕ್ಕಾಗಿ ಬರೆದ ಪರೀಕ್ಷೆಗಳೆಲ್ಲವೂ ತೇರ್ಗಡೆಯಾಗಿದ್ದುವು. ಆದರೂ ಸಹಪಾಠಿಗಳು ಅದನ್ನು ಬಳಸಿ ನೋಡಿದಾಗ ಮೂರು ದೋಷಗಳು ಹೊರಬಿದ್ದುವು. ಒಬ್ಬರ ಹೆಸರಿನಲ್ಲಿ ಶುಲ್ಕವು ಎರಡು ಸಲ ಬರೆಯಲ್ಪಟ್ಟಿತ್ತು. ಕನ್ನಡದಲ್ಲಿ ಹೆಸರು ಬರೆದವರ ಸ್ವೀಕೃತಿಪತ್ರದ ತುದಿ ಕತ್ತರಿಸಿಹೋಗಿತ್ತು. ಒಬ್ಬರ ಅರ್ಜಿಯನ್ನು ಇನ್ನೊಬ್ಬರು ಓದಬಹುದಾಗಿತ್ತು. ಇದು ಅಭ್ಯಾಸವಾದುದರಿಂದ ಯಾರ ಹಣವೂ ನಷ್ಟವಾಗಲಿಲ್ಲ. ಆದರೆ ಪರೀಕ್ಷೆಗಳು ತೇರ್ಗಡೆಯಾಗಿಯೂ ದೋಷಗಳು ಉಳಿದುದು ಹೇಗೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

1. ಸಂವಾದದ ಸ್ವರೂಪ

ಎಚ್‌ಟಿಟಿಪಿ ಎಂಬುದು ಎರಡು ಯಂತ್ರಗಳು ಮಾತನಾಡಿಕೊಳ್ಳುವಾಗ ಅನುಸರಿಸತಕ್ಕ ನಿಯಮಗಳ ಸಮುಚ್ಚಯ. ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ, 1991ರಲ್ಲಿ ವಿವರಿಸಲ್ಪಟ್ಟ, ಇದರ ಮೊದಲ ರೂಪವು ಅತ್ಯಂತ ಸರಳವಾಗಿತ್ತು. ಕೋರಿಕೆಯೆಂದರೆ ‘ಗೆಟ್’ ಎಂಬ ಪದವೂ ಬೇಕಾದ ಪುಟದ ವಿಳಾಸವೂ ಇರುವ ಒಂದೇ ಸಾಲು. ಉತ್ತರವೆಂದರೆ ಆ ಪುಟವೇ. ಕೆಲಸವು ಕೈಗೂಡಿತೆ ಇಲ್ಲವೆ ಎಂಬುದನ್ನು ತಿಳಿಸುವ ಸಂಕೇತವಾಗಲಿ, ಪುಟದ ಬಗೆಯನ್ನು ತಿಳಿಸುವ ಹೆಡರುಗಳಾಗಲಿ ಅದರಲ್ಲಿರಲಿಲ್ಲ. 1996ರಲ್ಲಿ ಪ್ರಕಟವಾದ 1.0 ಆವೃತ್ತಿಯ ವಿವರಣೆಯಲ್ಲಿ ಇವು ಸೇರಿದುವು. ಮುಂದೆ 1997ರಲ್ಲಿ 1.1, 2015ರಲ್ಲಿ 2, 2022ರಲ್ಲಿ 3 ಎಂಬ ಆವೃತ್ತಿಗಳು ಪ್ರಕಟವಾದುವು. ಕೊನೆಯ ಎರಡರಲ್ಲಿ ಸಂದೇಶವನ್ನು ಸಾಗಿಸುವ ರೀತಿಯು ಬಹಳ ಬದಲಾಗಿದ್ದರೂ ಸಂದೇಶದ ಅರ್ಥವು ಹೆಚ್ಚುಕಡಮೆ ಹಾಗೆಯೇ ಉಳಿದಿದೆ. ಎಲ್ಲ ಆವೃತ್ತಿಗಳಿಗೂ ಸಾಮಾನ್ಯವಾದ ಆ ಅರ್ಥವನ್ನು 2022ರ ಆರ್‌ಎಫ್‌ಸಿ 9110 ಎಂಬ ದಾಖಲೆಯು ನಿರೂಪಿಸುತ್ತದೆ. ನಾವು ಬರೆಯುವ ಪರೀಕ್ಷೆಗಳಿಗೆ ಈ ದಾಖಲೆಯೇ ಪ್ರಮಾಣ.

ಇದರಂತೆ ಕೋರಿಕೆಯಲ್ಲಿ ನಾಲ್ಕು ಭಾಗಗಳಿರುತ್ತವೆ: ಏನು ಮಾಡಬೇಕೆಂದು ಹೇಳುವ ವಿಧಾನ, ಯಾವುದರ ಮೇಲೆ ಎಂದು ಹೇಳುವ ವಿಳಾಸ, ಉಪವಿವರಗಳನ್ನು ಕೊಡುವ ಹೆಡರುಗಳು, ಮತ್ತು ಕೆಲವು ವೇಳೆ ಒಡಲು. ಉತ್ತರದಲ್ಲಿ ಮೂರು ಭಾಗಗಳು: ಮೂರಂಕಿಯ ಸ್ಥಿತಿಸಂಕೇತ, ಹೆಡರುಗಳು, ಒಡಲು. ಸ್ಥಿತಿಸಂಕೇತದ ಮೊದಲ ಅಂಕಿಯೇ ಉತ್ತರದ ಜಾತಿಯನ್ನು ತಿಳಿಸುತ್ತದೆ. 2 ಎಂದರೆ ಕೆಲಸ ಆಯಿತು. 3 ಎಂದರೆ ಮುಂದಿನ ಹೆಜ್ಜೆ ಬೇರೆಡೆ ಇದೆ. 4 ಎಂದರೆ ಕೋರಿಕೆಯಲ್ಲಿ ದೋಷವಿದೆ. 5 ಎಂದರೆ ದೋಷವು ಸರ್ವರಿನದು. 1ರಿಂದ ಮೊದಲಾಗುವವು ಮಧ್ಯಂತರ ಸೂಚನೆಗಳು.

2. ಮೂರು ಪ್ರಶ್ನೆಗಳು

ವಿದ್ಯಾರ್ಥಿಗಳ ಪರೀಕ್ಷೆಗಳನ್ನು ಓದಿ ನೋಡಿದಾಗ ಕಾರಣವು ಸ್ಪಷ್ಟವಾಯಿತು. ಕೋರಿಕೆಯನ್ನು ಕಳುಹಿಸುವುದು, ಬಂದ ಉತ್ತರದ ಸಂಕೇತ 200 ಆಗಿದೆಯೆ ಎಂದು ನೋಡುವುದು, ಇಷ್ಟೇ ಪ್ರತಿಯೊಂದು ಪರೀಕ್ಷೆಯ ತಿರುಳು. ಅಂಚೆಯವನು ಲಕೋಟೆಯನ್ನು ತಂದುಕೊಟ್ಟನೆಂಬುದರಿಂದಲೇ ಒಳಗಿನ ಕಾಗದದಲ್ಲಿ ಶುಭವಾರ್ತೆಯಿದೆಯೆಂದು ನಂಬಿದಂತೆ ಇದು. ಅನೇಕ ಅಪ್ಲಿಕೇಶನ್ನುಗಳು 200 ಎಂಬ ಸಂಕೇತವನ್ನೇ ಕಳುಹಿಸಿ, ‘ದೋಷ ಸಂಭವಿಸಿದೆ’ ಎಂಬ ಮಾತನ್ನು ಒಡಲಿನಲ್ಲಿ ಬರೆಯುವುದುಂಟು. ಅಂಥ ಉತ್ತರವನ್ನು ಈ ಪರೀಕ್ಷೆಯು ಸಂತೋಷದಿಂದ ತೇರ್ಗಡೆ ಮಾಡುತ್ತದೆ.

ಆದುದರಿಂದ ಪ್ರತಿಯೊಂದು ಪರೀಕ್ಷೆಯೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ನಾವು ನಿಯಮ ಮಾಡಿಕೊಂಡೆವು. ಮೊದಲನೆಯದು, ನಾವು ಕಳುಹಿಸಿದುದು ನಿಜವಾಗಿ ಏನು? ಎರಡನೆಯದು, ಹಿಂದಿರುಗಿದ ಉತ್ತರದ ಮೂರು ಭಾಗಗಳೂ ಸರಿಯಾಗಿವೆಯೆ? ಮೂರನೆಯದು, ಸಂವಾದ ಮುಗಿದ ಮೇಲೆ ಸರ್ವರಿನ ದಾಖಲೆಯಲ್ಲಿ ಏನು ಉಳಿಯಿತು? ಇವುಗಳಲ್ಲಿ ಸಾಮಾನ್ಯವಾಗಿ ಮರೆಯಲ್ಪಡುವುದು ಮೂರನೆಯದು. ಅತ್ಯಂತ ಹೆಚ್ಚು ಹಾನಿಯಾಗುವುದೂ ಅದನ್ನು ಮರೆತಾಗಲೇ.

ಮೂರನೆಯ ಪ್ರಶ್ನೆಯನ್ನು ಏನನ್ನೂ ಬದಲಿಸಬಾರದ ಕೋರಿಕೆಗಳ ವಿಷಯದಲ್ಲಿಯೂ ಕೇಳಬೇಕು. ‘ಗೆಟ್’ ವಿಧಾನವು ಓದುವುದಕ್ಕೆ ಮಾತ್ರ. ಅದನ್ನು ಯಾರು ಎಷ್ಟು ಸಲ ಕಳುಹಿಸಿದರೂ ದಾಖಲೆ ಹಾಗೆಯೇ ಇರಬೇಕೆಂಬುದು ನಿಯಮ. 2005ರಲ್ಲಿ ಗೂಗಲ್ ಸಂಸ್ಥೆಯು ಪುಟದಲ್ಲಿರುವ ಕೊಂಡಿಗಳನ್ನು ಮುಂದಾಗಿಯೇ ತಂದಿಡುವ ವೆಬ್ ಆಕ್ಸಲರೇಟರ್ ಎಂಬ ಸಾಧನವನ್ನು ಹೊರತಂದಿತು. ಕೆಲವು ಅಪ್ಲಿಕೇಶನ್ನುಗಳಲ್ಲಿ ‘ಅಳಿಸು’ ಎಂಬುದೂ ಒಂದು ಸಾಮಾನ್ಯ ಕೊಂಡಿಯೇ ಆಗಿತ್ತು. ಸಾಧನವು ಆ ಕೊಂಡಿಯನ್ನೂ ಅನುಸರಿಸಿತು. ಬಳಕೆದಾರರು ಮುಟ್ಟದೆಯೇ ಅವರ ದಾಖಲೆಗಳು ಅಳಿಸಿಹೋದುವು. ಗೆಟ್ ಕೋರಿಕೆಗೆ ಮೊದಲು ಮತ್ತು ಅನಂತರ ದಾಖಲೆಯನ್ನು ಹೋಲಿಸುವ ಒಂದು ಸಣ್ಣ ಪರೀಕ್ಷೆಯಿದ್ದಿದ್ದರೆ ಈ ದೋಷವು ಮೊದಲೇ ಗೊತ್ತಾಗುತ್ತಿತ್ತು.

3. ಕಳೆದುಹೋದ ಉತ್ತರ

ಈಗ ಎರಡು ಸಲ ಬರೆಯಲ್ಪಟ್ಟ ಶುಲ್ಕದ ವಿಷಯವನ್ನು ವಿಚಾರಿಸೋಣ. ಕೋರಿಕೆಯು ಸರ್ವರನ್ನು ತಲುಪಿತು, ಶುಲ್ಕ ದಾಖಲಾಯಿತು, ಆದರೆ ಉತ್ತರವು ಹಿಂದಿರುಗುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಕಳುಹಿಸಿದವರ ದೃಷ್ಟಿಯಲ್ಲಿ, ಕೋರಿಕೆಯೇ ತಲುಪದಿರುವುದಕ್ಕೂ ಉತ್ತರವು ದಾರಿಯಲ್ಲಿ ಕಳೆದುಹೋಗುವುದಕ್ಕೂ ವ್ಯತ್ಯಾಸವೇ ಇಲ್ಲ. ಎರಡರಲ್ಲಿಯೂ ಅವರಿಗೆ ಕಾಣುವುದು ಮೌನವೊಂದೇ. ಆಗ ಅವರು ಗುಂಡಿಯನ್ನು ಮತ್ತೊಮ್ಮೆ ಒತ್ತುತ್ತಾರೆ. ಇದರಲ್ಲಿ ಅವರ ತಪ್ಪೇನೂ ಇಲ್ಲ.

ಎಷ್ಟು ಸಲ ಕಳುಹಿಸಿದರೂ ಒಂದೇ ಸಲ ಕಳುಹಿಸಿದ ಫಲವನ್ನೇ ಕೊಡುವ ಗುಣಕ್ಕೆ ಇಂಗ್ಲಿಷಿನಲ್ಲಿ ಐಡೆಂಪೋಟೆನ್ಸ್ ಎಂದು ಹೆಸರು. ನಾವು ಇದನ್ನು ಏಕಫಲತ್ವ ಎನ್ನಬಹುದು. ‘ಪುಟ್’, ‘ಡಿಲೀಟ್’ ವಿಧಾನಗಳಿಗೆ ಈ ಗುಣವಿರಬೇಕೆಂದು ಪ್ರಮಾಣದಾಖಲೆಯು ವಿಧಿಸುತ್ತದೆ; ‘ಪೋಸ್ಟ್’ ವಿಧಾನಕ್ಕೆ ವಿಧಿಸುವುದಿಲ್ಲ. ಹಣದ ವ್ಯವಹಾರವು ಸಾಮಾನ್ಯವಾಗಿ ಪೋಸ್ಟ್ ಮೂಲಕ ನಡೆಯುವುದರಿಂದ ಈ ಗುಣವನ್ನು ನಾವೇ ಒದಗಿಸಬೇಕಾಗುತ್ತದೆ. ಅರ್ಜಿಯ ಪುಟವನ್ನು ತೆರೆದಾಗಲೇ ಅದಕ್ಕೆ ವಿಶಿಷ್ಟವಾದ ಒಂದು ಗುರುತನ್ನು ಕೊಟ್ಟು, ಪ್ರತಿ ಕೋರಿಕೆಯೊಡನೆಯೂ ಅದನ್ನು ಕಳುಹಿಸುವುದು ರೂಢಿಯಲ್ಲಿರುವ ಉಪಾಯ. ಅದೇ ಗುರುತು ಮತ್ತೆ ಬಂದರೆ ಸರ್ವರು ಹೊಸದಾಗಿ ಏನನ್ನೂ ಬರೆಯದೆ ಹಿಂದಿನ ಉತ್ತರವನ್ನೇ ಕೊಡಬೇಕು.

ಇದರ ಪರೀಕ್ಷೆಯಲ್ಲಿ ನಾಲ್ಕು ಮೆಟ್ಟಿಲುಗಳಿವೆ. ಒಂದೇ ಗುರುತಿನ ಕೋರಿಕೆಯನ್ನು ಒಂದರ ಅನಂತರ ಒಂದು ಎರಡು ಸಲ ಕಳುಹಿಸಿ, ಎರಡು ಉತ್ತರಗಳಲ್ಲಿಯೂ ಅರ್ಜಿಯ ಸಂಖ್ಯೆ ಒಂದೇ ಆಗಿರುವುದನ್ನೂ ದಾಖಲೆಯಲ್ಲಿ ಒಂದೇ ಸಾಲು ಇರುವುದನ್ನೂ ನೋಡಬೇಕು. ಅದೇ ಎರಡು ಕೋರಿಕೆಗಳನ್ನು ಏಕಕಾಲದಲ್ಲಿ ಕಳುಹಿಸಬೇಕು. ‘ಮೊದಲು ಹುಡುಕು, ಇಲ್ಲದಿದ್ದರೆ ಬರೆ’ ಎಂಬ ಕ್ರಮದ ದೌರ್ಬಲ್ಯ ಇಲ್ಲಿಯೇ ಬಯಲಾಗುತ್ತದೆ, ಏಕೆಂದರೆ ಎರಡೂ ಹುಡುಕಿ, ಎರಡಕ್ಕೂ ಏನೂ ಸಿಕ್ಕದೆ, ಎರಡೂ ಬರೆಯಬಹುದು. ಮೂರನೆಯದಾಗಿ, ಗುರುತು ಅದೇ ಇದ್ದು ಮೊಬಲಗು ಬೇರೆಯಾಗಿದ್ದರೆ ಕೋರಿಕೆಯು ನಿರಾಕೃತವಾಗಬೇಕು. ಕೊನೆಯದಾಗಿ, ಕೋರಿಕೆಯನ್ನು ಕಳುಹಿಸಿ ಉತ್ತರ ಬರುವ ಮೊದಲೇ ನಾವೇ ಸಂಪರ್ಕವನ್ನು ಕಡಿದು, ಅನಂತರ ಮತ್ತೆ ಕಳುಹಿಸಿ ನೋಡಬೇಕು. ಇದಲ್ಲದೆ, ಅರ್ಜಿ ಸ್ವೀಕೃತವಾದ ಮೇಲೆ 303 ಎಂಬ ಸಂಕೇತದಿಂದ ಬ್ರೌಸರನ್ನು ಬೇರೆ ಪುಟಕ್ಕೆ ಕಳುಹಿಸಿದರೆ, ಪುಟವನ್ನು ಮರುತೆರೆದಾಗ ಅರ್ಜಿಯು ಮತ್ತೆ ಹೋಗುವುದು ತಪ್ಪುತ್ತದೆ.

4. ಅಕ್ಷರವೂ ಬೈಟೂ

ಎರಡನೆಯ ದೋಷವು ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು. ಉತ್ತರದ ಒಡಲು ಎಷ್ಟು ಉದ್ದವಿದೆಯೆಂಬುದನ್ನು ‘ಕಂಟೆಂಟ್-ಲೆಂಗ್ತ್’ ಎಂಬ ಹೆಡರು ತಿಳಿಸುತ್ತದೆ. ಈ ಉದ್ದವನ್ನು ಅಳೆಯತಕ್ಕದ್ದು ಬೈಟುಗಳಲ್ಲಿ, ಅಕ್ಷರಗಳಲ್ಲಿ ಅಲ್ಲ. ಇಂಗ್ಲಿಷಿನ ಅಕ್ಷರಕ್ಕೆ ಯುಟಿಎಫ್-8 ಪದ್ಧತಿಯಲ್ಲಿ ಒಂದೇ ಬೈಟು ಸಾಕಾಗುವುದರಿಂದ ಎರಡು ಎಣಿಕೆಗಳೂ ಒಂದೇ ಆಗಿ ದೋಷವು ಮರೆಯಾಗುತ್ತದೆ. ‘ಕನ್ನಡ’ ಎಂಬ ಪದವನ್ನು ತೆಗೆದುಕೊಳ್ಳಿ. ಕಣ್ಣಿಗೆ ಕಾಣುವ ಅಕ್ಷರಗಳು 3. ಯುನಿಕೋಡಿನಲ್ಲಿ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೊಂದು ನ, ಡ ಎಂದು ಚಿಹ್ನೆಗಳು 5. ಪ್ರತಿಯೊಂದು ಕನ್ನಡ ಚಿಹ್ನೆಗೂ 3 ಬೈಟುಗಳು ಬೇಕಾದುದರಿಂದ ಬೈಟುಗಳು 15.

ವಿದ್ಯಾರ್ಥಿಗಳ ಸರ್ವರು ಚಿಹ್ನೆಗಳನ್ನು ಎಣಿಸಿ ಹೆಡರಿನಲ್ಲಿ ಬರೆಯುತ್ತಿತ್ತು. ಬ್ರೌಸರು ಅಷ್ಟೇ ಬೈಟುಗಳನ್ನು ಓದಿ ನಿಲ್ಲಿಸುತ್ತಿತ್ತು. ಹೆಸರಿನ ಪ್ರತಿಯೊಂದು ಚಿಹ್ನೆಗೂ ಎರಡೆರಡು ಬೈಟುಗಳಂತೆ ಸ್ವೀಕೃತಿಪತ್ರದ ತುದಿ ಕಡಮೆಯಾಗುತ್ತಿತ್ತು. ಅರ್ಜಿಯ ಸಂಖ್ಯೆ ಇದ್ದುದು ಆ ತುದಿಯಲ್ಲಿಯೇ. ಅದೇ ಸಂಪರ್ಕವನ್ನು ಮುಂದಿನ ಕೋರಿಕೆಗೂ ಬಳಸಿದರೆ, ಓದದೆ ಉಳಿದ ಬೈಟುಗಳು ಮುಂದಿನ ಉತ್ತರದ ಆರಂಭವೆಂದು ತಪ್ಪಾಗಿ ಗ್ರಹಿಸಲ್ಪಡುವ ಅಪಾಯವೂ ಉಂಟು. ಪರೀಕ್ಷೆಗಳಲ್ಲಿ ಬಳಸಿದ ಹೆಸರುಗಳೆಲ್ಲವೂ ಇಂಗ್ಲಿಷ್ ಲಿಪಿಯಲ್ಲಿದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒತ್ತಕ್ಷರವುಳ್ಳ ಕನ್ನಡ ಹೆಸರೊಂದಾದರೂ ಪ್ರತಿ ಪರೀಕ್ಷೆಯಲ್ಲಿರಲಿ ಎಂಬುದು ಇದರಿಂದ ನಾವು ಕಲಿತ ಪಾಠ.

5. ನಿರಾಕರಣೆಯ ಪರೀಕ್ಷೆ

ಕೊಡಬೇಕಾದುದನ್ನು ಕೊಡುತ್ತದೆಯೆ ಎಂದು ನೋಡಿದಷ್ಟೇ ಎಚ್ಚರದಿಂದ, ಕೊಡಬಾರದುದನ್ನು ನಿರಾಕರಿಸುತ್ತದೆಯೆ ಎಂದೂ ನೋಡಬೇಕು. ತನ್ನ ಅರ್ಜಿಯ ವಿಳಾಸದ ಕೊನೆಯಲ್ಲಿರುವ 41ನ್ನು 42 ಎಂದು ತಿದ್ದಿದ ವಿದ್ಯಾರ್ಥಿಗೆ ಇನ್ನೊಬ್ಬರ ಅರ್ಜಿ, ಮನೆಯ ವಿಳಾಸ, ತಂದೆತಾಯಿಗಳ ವರಮಾನ ಎಲ್ಲವೂ ಕಾಣಿಸಿದುವು. ಕೋರಿದವರು ಯಾರೆಂದು ಗೊತ್ತಿಲ್ಲದಾಗ ತಕ್ಕ ಉತ್ತರ 401; ಗೊತ್ತಿದ್ದೂ ಅಧಿಕಾರವಿಲ್ಲದಾಗ 403; ಅಂಥದೊಂದು ಅರ್ಜಿ ಇದೆಯೆಂಬುದನ್ನೂ ಮರೆಮಾಡಬೇಕಾದಾಗ 404. ಸಂಕೇತವನ್ನು ನೋಡಿ ಇಲ್ಲಿಯೂ ತೃಪ್ತರಾಗಬಾರದು. ನಿರಾಕರಣೆಯ ಒಡಲಿನಲ್ಲಿ ಗುಟ್ಟಿನ ಮಾಹಿತಿಯ ತುಣುಕೂ ಇರಕೂಡದು. ಅಧಿಕಾರವುಳ್ಳವರಿಗೆ ಕೊಟ್ಟ ಉತ್ತರದಲ್ಲಿಯೂ, ನಡುವಿನ ಯಂತ್ರಗಳು ಅದರ ಪ್ರತಿಯನ್ನು ಇಟ್ಟುಕೊಳ್ಳದಂತೆ ತಡೆಯುವ ‘ಕ್ಯಾಶ್-ಕಂಟ್ರೋಲ್’ ಹೆಡರು ಇದೆಯೆ ಎಂಬುದನ್ನು ಪರಿಶೀಲಿಸಬೇಕು.

6. ಪರೀಕ್ಷೆಯನ್ನು ನಡೆಸುವ ಬಗೆ

ಈ ಪರೀಕ್ಷೆಗಳನ್ನು ಎರಡು ಬಗೆಯಾಗಿ ನಡೆಸಬಹುದು. ಮೊದಲನೆಯದರಲ್ಲಿ ಜಾಲಸಂಪರ್ಕವೇ ಇಲ್ಲದೆ, ಕೋರಿಕೆಯನ್ನು ಪ್ರೋಗ್ರಾಮಿನೊಳಗೆ ನೇರವಾಗಿ ಒಪ್ಪಿಸಿ ಉತ್ತರವನ್ನು ಪಡೆಯುತ್ತೇವೆ. ಇದು ಶೀಘ್ರವಾದುದು, ನೂರಾರು ಪರೀಕ್ಷೆಗಳನ್ನು ಅಲ್ಪಕಾಲದಲ್ಲಿ ನಡೆಸಬಹುದು. ಎರಡನೆಯದರಲ್ಲಿ ಸರ್ವರನ್ನು ನಿಜವಾಗಿ ಚಾಲನೆಗೊಳಿಸಿ ಸಂಪರ್ಕದ ಮೂಲಕವೇ ಮಾತನಾಡುತ್ತೇವೆ. ಇದು ನಿಧಾನವಾದುದು. ಆದರೆ ಬೈಟುಗಳ ಎಣಿಕೆಯ ದೋಷವಾಗಲಿ, ಕಡಿದುಹೋದ ಸಂಪರ್ಕದ ದೋಷವಾಗಲಿ ಮೊದಲನೆಯ ಬಗೆಯಲ್ಲಿ ಸಿಕ್ಕುವುದು ಕಷ್ಟ. ಆದುದರಿಂದ ಮೊದಲನೆಯ ಬಗೆಯವು ಹೆಚ್ಚಾಗಿಯೂ ಎರಡನೆಯವು ಕೆಲವಾಗಿಯೂ ಇರುವುದು ಯುಕ್ತ.

ಪ್ರತಿ ಪರೀಕ್ಷೆಯೂ ಬರಿದಾದ ದಾಖಲೆಯಿಂದ ಮೊದಲಾಗಬೇಕು; ಒಂದರ ಫಲವು ಇನ್ನೊಂದನ್ನು ಅವಲಂಬಿಸಬಾರದು. ಕೊನೆಯ ದಿನಾಂಕದಂಥ ವಿಷಯಗಳಲ್ಲಿ ಗಡಿಯಾರವನ್ನೂ ನಾವೇ ನಿಗದಿ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೊಸ ಪರೀಕ್ಷೆಯನ್ನು ಬರೆದೊಡನೆ ಅಪ್ಲಿಕೇಶನ್ನನ್ನು ಬೇಕೆಂದೇ ಕೆಡಿಸಿ, ಪರೀಕ್ಷೆಯು ಅದನ್ನು ಹಿಡಿಯುತ್ತದೆಯೆ ಎಂದು ನೋಡಬೇಕು. ಎಂದೂ ಸೋಲದ ಪರೀಕ್ಷೆಯ ಗೆಲವಿಗೆ ಬೆಲೆಯಿಲ್ಲ.

ಇಷ್ಟು ಮಾಡಿದರೂ ದೋಷಗಳೇ ಇಲ್ಲವೆಂದು ಸಾಧಿಸಿದಂತಾಗುವುದಿಲ್ಲ. ನಾವು ಊಹಿಸಿದ ದೋಷಗಳು ಇಲ್ಲವೆಂದು ಮಾತ್ರ ಹೇಳಬಹುದು. ಊಹೆಯು ಎಷ್ಟು ದೂರ ಹೋಗಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಅಳತೆಗೋಲಿದೆ. ಕೊನೆಯ ದಿನದ ಸಂಜೆ, ದುರ್ಬಲವಾದ ಸಂಪರ್ಕವುಳ್ಳ ಊರಿನಲ್ಲಿ, ಮನೆಯವರು ಹೊಂದಿಸಿಕೊಟ್ಟ ಹಣದಿಂದ ಶುಲ್ಕ ಕಟ್ಟಲು ಕುಳಿತು, ತನ್ನ ಹೆಸರನ್ನು ಕನ್ನಡದಲ್ಲಿ ಬರೆದು, ಉತ್ತರ ಬಾರದೆ ಗುಂಡಿಯನ್ನು ಎರಡನೆಯ ಸಲ ಒತ್ತುವ ವಿದ್ಯಾರ್ಥಿಯೇ ಆ ಅಳತೆಗೋಲು. ಆ ವಿದ್ಯಾರ್ಥಿಯ ಕೋರಿಕೆಯನ್ನು ಹಾಗೆಯೇ ಅನುಕರಿಸುವ ಪರೀಕ್ಷೆಯೊಂದನ್ನು ಈಗ ನಮ್ಮ ಪ್ರಯೋಗಶಾಲೆಯ ಪ್ರತಿಯೊಂದು ಅಪ್ಲಿಕೇಶನ್ನಿಗೂ ಕಡ್ಡಾಯ ಮಾಡಿದ್ದೇವೆ.