ತಾಜಾ ಕಬ್ಬು, ಎಲ್ಲರ ಉತಾರಾ



ನೀಲಗಿರಿಯ ಸಣ್ಣ ಚಹಾ ಬೆಳೆಗಾರರಿಗೂ ನಮ್ಮ ಹಾಗೆಯೇ ಸಹಕಾರಿ ಕಾರ್ಖಾನೆಗಳಿವೆ. ಅಲ್ಲಿ ಎರಡು ಎಲೆ, ಒಂದು ಕುಡಿ ನೋಡಿ ಕಿತ್ತ ಚಿಗುರು ಅದೇ ದಿನ ಕಾರ್ಖಾನೆ ಸೇರಬೇಕು. ಚೀಲದಲ್ಲಿ ಒತ್ತಿ ತುಂಬಿದ ಎಲೆ ಕಾವೇರಿ ಕೆಂಪಾದರೆ ಯಾವ ಯಂತ್ರವೂ ಅದರಿಂದ ಒಳ್ಳೆಯ ಚಹಾ ಮಾಡಲಾರದು. ಕಬ್ಬಿನ ಮಾತೂ ಇದೇ. ಸಕ್ಕರೆ ತಯಾರಾಗುವುದು ಹೊಲದಲ್ಲಿ. ಕಾರ್ಖಾನೆ ಅದನ್ನು ಹೊರತೆಗೆಯುತ್ತದೆ, ಅಷ್ಟೆ.

“ನಮಗೆ ಬಿಲ್ಲು ಸಿಗುವುದು ತೂಕದ ಮೇಲೆ, ಉತಾರಾದ ಚಿಂತೆ ನಮಗೇಕೆ?” ಎಂದು ಕರಜಗಿ ಭಾಗದ ಸಭಾಸದರು ಕೇಳಬಹುದು. ಪ್ರಶ್ನೆ ಸಹಜ. ಉತ್ತರ ಲೆಕ್ಕದಲ್ಲಿದೆ.

ಲೆಕ್ಕ ಹೀಗಿದೆ

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್.ಆರ್.ಪಿ. ದರ, ಶೇ. 10.25 ಉತಾರಾಕ್ಕೆ ಕ್ವಿಂಟಲಿಗೆ 355 ರೂ. ಅದಕ್ಕಿಂತ ಮೇಲೆ ಪ್ರತಿ ಶೇ. 0.1ಕ್ಕೆ 3.46 ರೂ. ಹೆಚ್ಚು. ಅಂದರೆ ಟನ್ನಿಗೆ 34 ರೂ. 60 ಪೈಸೆ. ಉತಾರಾ ಶೇ. 0.5 ಏರಿದರೆ 80 ಟನ್ ಕಳಿಸುವ ರೈತನಿಗೆ 13,840 ರೂ. ಹೆಚ್ಚಿನ ದರ ಬರುತ್ತದೆ. ದಿನಕ್ಕೆ 2,500 ಟನ್ ನುರಿಸುವ ಕಾರ್ಖಾನೆಗೆ ಶೇ. 0.1 ಎಂದರೆ ದಿನಕ್ಕೆ 25 ಕ್ವಿಂಟಲ್ ಸಕ್ಕರೆ.

ಆದರೆ ಈ ಉತಾರಾ ಒಬ್ಬೊಬ್ಬರದಲ್ಲ, ಇಡೀ ಕಾರ್ಖಾನೆಯ ಸರಾಸರಿ. ಒಬ್ಬನ ಹಳಸಿದ ಕಬ್ಬಿನ ನಷ್ಟವನ್ನು ಚೊಕ್ಕ ಕಬ್ಬು ಕಳಿಸಿದವನೂ ಹೊರಬೇಕಾಗುತ್ತದೆ.

ಕಡಿದ ಮೇಲೆ ಏನಾಗುತ್ತದೆ?

ಕಡಿದ ಕಬ್ಬಿನ ನೀರು ಆರಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆ ಒಡೆದು, ಹರಳುಗಟ್ಟದ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಕಾಕಂಬಿಯ ಪಾಲು. ಕಡಿದ ತುದಿಗಳಿಂದ ಒಳಹೊಕ್ಕ ಸೂಕ್ಷ್ಮಜೀವಿಗಳು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥ ಹುಟ್ಟಿಸುತ್ತವೆ. ಅದರಿಂದ ರಸ ಲೋಳೆಯಾಗಿ ಹರಳು ಕಟ್ಟುವುದು ನಿಧಾನವಾಗುತ್ತದೆ. ಸುಟ್ಟ ಕಬ್ಬಿನಲ್ಲಿಯೂ ಬೇಸಿಗೆಯ ಬಿಸಿಲಿನಲ್ಲಿಯೂ ಈ ಕೇಡು ಇನ್ನೂ ಬೇಗ.

ಬೆಳೆಗಾರರು ಮಾಡಬೇಕಾದುದು

1. ತಡವಾಗಿ ಯೂರಿಯಾ ಹಾಕಬೇಡಿರಿ. ಕಟಾವಿಗೆ 10-15 ದಿನ ಮುಂಚೆ ನೀರು ನಿಲ್ಲಿಸಿರಿ.

2. ಪಕ್ವತೆ ನೋಡಿ ಕಡಿಯಿರಿ. ಕೈ ಮಾಪಕದಲ್ಲಿ ಬ್ರಿಕ್ಸ್ 18ಕ್ಕೆ ಮೇಲಿದ್ದು, ಬುಡದ ಮತ್ತು ತುದಿಯ ಅಂಕಿಗಳು ಹತ್ತಿರ ಬಂದರೆ ಕಬ್ಬು ಮಾಗಿದೆ ಎಂದರ್ಥ.

3. ನೆಲಕ್ಕೆ ಹತ್ತಿ ಕಡಿಸಿರಿ. ಬುಡದ ಗಣಿಕೆಯಲ್ಲಿ ಸಕ್ಕರೆ ಹೆಚ್ಚು. ಎಳೆಯ ತುದಿ, ರವದಿ, ಬೇರು, ಮಣ್ಣು ಗಾಡಿ ಏರದಿರಲಿ.

4. ಟೋಳಿ ಮತ್ತು ಗಾಡಿ ಎರಡೂ ಗೊತ್ತಾದ ಮೇಲೆಯೇ ಕೊಯ್ತ ಹಚ್ಚಿರಿ. ಕಡಿದ 24 ಗಂಟೆಯೊಳಗೆ ಕಬ್ಬು ಗಾಣಕ್ಕೆ ಬೀಳಬೇಕು. ತಡವಾಗುವಂತಿದ್ದರೆ ನೆರಳಿನಲ್ಲಿಟ್ಟು ರವದಿ ಮುಚ್ಚಿರಿ.

ಕಾರ್ಖಾನೆಯ ಪಾಲು

ಚೀಟಿ ಕೊಟ್ಟ ಮೇಲೆ ಗಾಡಿ ಬಾರದಿದ್ದರೆ, ಕಾಟಾದ ಮುಂದೆ ಟ್ರ್ಯಾಕ್ಟರ್ ಎರಡು ದಿನ ನಿಂತರೆ, ಆ ದೋಷ ಬೆಳೆಗಾರನದಲ್ಲ. ನುರಿಸುವಷ್ಟಕ್ಕೇ ಚೀಟಿ ಕೊಡುವುದು, ಮೊದಲು ಬಂದ ಗಾಡಿಯನ್ನು ಮೊದಲು ಇಳಿಸುವುದು, ಗಾಣ ಮತ್ತು ರಸದ ತೊಟ್ಟಿಗಳನ್ನು ತೊಳೆದಿಡುವುದು ಕಾರ್ಖಾನೆಯ ಕರ್ತವ್ಯ. ತಡವಾದಾಗ ಸಭಾಸದರು ಕಟಾವಿನ ದಿನ, ಹೊತ್ತು ಬರೆದಿಟ್ಟು ಕೃಷಿ ವಿಭಾಗಕ್ಕೆ ತೋರಿಸಬೇಕು. ಬರೆದಿಟ್ಟರೆ ತಡ ಆದದ್ದು ಎಲ್ಲಿ ಎಂಬುದು ತಿಳಿಯುತ್ತದೆ, ತಿಳಿದರೆ ತಿದ್ದಬಹುದು.