ಕಣ್ಣಿನ ಗಾಜು, ನೆಲದ ಗಾಜು



ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬೆಳೆದ ನಿಮಗೆ ಗುಜರಾತಿಯ ‘ಕಾಚ್’ ಎಂದರೆ ಗಾಜು ಎಂದು ಹೇಳಿಕೊಡಬೇಕಾಗಿಲ್ಲ. ಅದರ ಮೂಲ ಸಂಸ್ಕೃತದ ‘ಕಾಚ’. ಲ್ಯಾಟಿನ್ನಿನಲ್ಲಿ ಗಾಜಿಗೆ ‘ವಿಟ್ರಮ್’ ಎನ್ನುತ್ತಾರೆ. ಅದರಿಂದ ಹುಟ್ಟಿದ ‘ವಿಟ್ರಿಯಸ್’ ಎಂಬ ಇಂಗ್ಲಿಷ್ ಪದ ಕಣ್ಣಿನ ವೈದ್ಯರ ಬಾಯಲ್ಲೂ ಇದೆ, ಪಿಂಗಾಣಿ ಮಾರುವವರ ಬಾಯಲ್ಲೂ ಇದೆ. ಅರ್ಥ ಒಂದೇನಾ? ನೋಡೋಣ ಬನ್ನಿ.

ನಮ್ಮ ಗುಜರಾತಿನ ಮೋರ್ಬಿ ವಿಟ್ರಿಫೈಡ್ ಟೈಲ್ಸ್‌ಗೆ ಹೆಸರುವಾಸಿ. ಜೇಡಿಮಣ್ಣು, ಫೆಲ್ಡ್‌ಸ್ಪಾರ್, ಸಿಲಿಕಾ ಬೆರೆಸಿ ಸುಮಾರು 1200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ, ಒಳಗಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಇಂಥ ಟೈಲ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರು ಹೀರುವುದಿಲ್ಲ. ಕೈ ತೊಳೆಯುವ ಬೇಸಿನ್ನಿನ ‘ವಿಟ್ರಿಯಸ್ ಚೈನಾ’ ಕೂಡ ಇದೇ ಜಾತಿಯದು.

ಇನ್ನು ಕಣ್ಣಿಗೆ ಬನ್ನಿ. ಮಸೂರದ ಹಿಂದೆ, ಅಕ್ಷಿಪಟಲದವರೆಗೆ ತುಂಬಿರುವ ಸುಮಾರು 4 ಮಿಲಿಲೀಟರ್ ತಿಳಿ ಲೋಳೆಯೇ ‘ವಿಟ್ರಿಯಸ್ ಹ್ಯೂಮರ್’. ಅದರಲ್ಲಿ ಗಾಜು ಚೂರೂ ಇಲ್ಲ, ಶೇ. 98ಕ್ಕೂ ಹೆಚ್ಚು ಬರೀ ನೀರು! ನೋಡಿದಿರಾ ತಮಾಷೆ? ನೀರನ್ನು ಒಳಗೆ ಬಿಡದ ಟೈಲಿಗೂ, ನೀರೇ ತಾನಾದ ಲೋಳೆಗೂ ಒಂದೇ ಹೆಸರು. ಟೈಲ್ ಗಾಜಿನ ಬಿಗಿಯನ್ನು ಪಡೆಯಿತು, ಕಣ್ಣು ಗಾಜಿನ ತಿಳಿಯನ್ನು ಪಡೆಯಿತು. ನಮ್ಮ ಆಯುರ್ವೇದದಲ್ಲಾದರೋ ‘ಕಾಚ’ ಎಂದರೆ ದೃಷ್ಟಿ ಮಂದವಾಗಿಸುವ ಒಂದು ಕಣ್ಣಿನ ರೋಗ!

ಉತ್ತರಾಯಣದಂದು ಗಾಳಿಪಟ ಹಾರಿಸುತ್ತಾ ಆಕಾಶ ನೋಡುವಾಗ ಕಣ್ಣ ಮುಂದೆ ಎಳೆ, ಚುಕ್ಕಿ ತೇಲಿದಂತೆ ಕಂಡಿರಬಹುದು. ಅವು ಈ ಲೋಳೆಯೊಳಗಿನ ನಾರುಗಳ ನೆರಳು, ಸಾಮಾನ್ಯವಾಗಿ ಭಯವಿಲ್ಲ. ವಯಸ್ಸಾದಂತೆ ಲೋಳೆ ನೀರಾಗಿ ಕುಗ್ಗುತ್ತದೆ, ಚುಕ್ಕಿಗಳು ಹೆಚ್ಚುತ್ತವೆ. ಆದರೆ ಒಮ್ಮೆಲೇ ಚುಕ್ಕಿಗಳ ಮಳೆ, ಮಿಂಚು, ಪಕ್ಕದಿಂದ ಪರದೆ ಇಳಿದಂಥ ಕತ್ತಲೆ ಕಂಡರೆ ಅಕ್ಷಿಪಟಲ ಹರಿದಿರಬಹುದು, ಕಳಚುತ್ತಿರಬಹುದು. ತಡಮಾಡಿದರೆ ದೃಷ್ಟಿಯೇ ಹೋದೀತು. ಹೆಚ್ಚು ಮೈನಸ್ ಪವರಿನ ಕನ್ನಡಕದವರು ಇನ್ನಷ್ಟು ಎಚ್ಚರದಿಂದಿರಬೇಕು.

ಇಲ್ಲೇ ನಿಮ್ಮ ಕೆಲಸವಿದೆ. ಊರಿನಿಂದ ಬಂದ ಅಜ್ಜಿ ‘ಕಣ್ಣ ಮುಂದೆ ನೊಣ ಹಾರಿದ ಹಾಗಾಗ್ತದೆ, ಮಿಂಚು ಹೊಡೀತದೆ’ ಎಂದರೆ, ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ಡಾಕ್ಟರಿಗೆ ಕನ್ನಡ ಬಾರದು, ಅಜ್ಜಿಗೆ ಗುಜರಾತಿ ಬಾರದು. ಆ ‘ಮಿಂಚ’ನ್ನು ‘ಝಬಕಾರಾ’ ಎಂದು ಅದೇ ದಿನ ಡಾಕ್ಟರಿಗೆ ತಿಳಿಸಬಲ್ಲವರು, ಎರಡೂ ಭಾಷೆ ಬಲ್ಲ ನೀವೇ.